ಕಟ್ಟಳೆಯೊಳಗಿನ ಪ್ರೀತಿ: ಶೋಜೋ ಮಾಂಗಾ ಓದುವ, ಓದಿಸುವ ಬಗೆ

ಜಪಾನಿನಲ್ಲಿ ಹದಿಹರೆಯದ ಹುಡುಗಿಯರಿಗೆಂದೇ ಹೊರಡುವ ಪತ್ರಿಕೆಗಳಿವೆ. ಅವುಗಳಲ್ಲಿ ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕವಾಗುವ ಚಿತ್ರಕಥೆಗಳಿಗೆ ಶೋಜೋ ಮಾಂಗಾ ಎಂದು ಹೆಸರು. ಶಾಲೆ, ಗೆಳೆತನ, ಆಟೋಟ, ಇತಿಹಾಸ ಎಲ್ಲವೂ ಇವಕ್ಕೆ ವಸ್ತುವೇ. ಇವುಗಳ ನಡುವೆ ಪ್ರೀತಿಯನ್ನೂ ಅಲೌಕಿಕವನ್ನೂ ಒಂದಾಗಿ ಹೆಣೆಯುವ ಧಾರೆಯೊಂದಿದೆ. ನರಿಯ ರೂಪದ ದೈವ, ಸಾವಿಲ್ಲದ ಹುಡುಗ, ಸೆರಗು ಕಳೆದುಕೊಂಡ ಅಪ್ಸರೆ, ಕಾಡಿನ ಆತ್ಮ ಇಲ್ಲಿನ ಪಾತ್ರಗಳು. ಮಲೆನಾಡಿನ ಓದುಗರಿಗೆ ಬೇಗ ಹತ್ತಿರವಾಗುವುದು ಈ ಧಾರೆಯೇ.

ಅದಕ್ಕೆ ಕಾರಣವಿದೆ. ಸಕಲೇಶಪುರ ತಾಲ್ಲೂಕಿನ ವನಗೂರು, ಬಿಸಿಲೆ ಸೀಮೆಯಂಥ ಊರುಗಳಲ್ಲಿ ಕಾಫಿ, ಏಲಕ್ಕಿ ತೋಟಗಳ ಮಗ್ಗುಲಲ್ಲೇ ದೇವರಕಾಡು, ನಾಗಬನ, ಮರದಡಿಯ ಚೌಡಿ ಕಲ್ಲು ಇರುತ್ತವೆ. ದೇವರಕಾಡಿಗೆ ಕೊಡಲಿ ಒಯ್ಯುವಂತಿಲ್ಲ. ಬನದೊಳಗೆ ಚಪ್ಪಲಿ ಮೆಟ್ಟುವಂತಿಲ್ಲ. ಸುಗ್ಗಿ ಬಂತೆಂದರೆ ಊರಿಗೆ ಊರೇ ಕಟ್ಟುಪಾಡಿಗೆ ಒಳಪಡುತ್ತದೆ. ಕಾಣದ ಶಕ್ತಿಯೊಂದಿಗೆ ಬದುಕುವುದೆಂದರೆ ಅದರ ಕಟ್ಟಳೆಯನ್ನು ಅರಿತು ನಡೆಯುವುದು ಎಂಬುದು ಇಲ್ಲಿ ಬೆಳೆದವರಿಗೆ ಹೇಳಿಕೊಡಬೇಕಾದ ಮಾತಲ್ಲ. ಅಲೌಕಿಕ ಶೋಜೋ ಮಾಂಗಾದ ಕಥೆಗಳೂ ಇಂಥ ಒಂದು ಕಟ್ಟಳೆಯಿಂದಲೇ ಹುಟ್ಟುತ್ತವೆ. ಮುಟ್ಟಬಾರದು, ಹೆಸರು ಹೇಳಬಾರದು, ಪ್ರೀತಿಸಬಾರದು ಎಂಬಂಥ ನಿಯಮ ಮೊದಲು ಬರುತ್ತದೆ, ಪ್ರೀತಿ ಅದರೊಳಗೆ ದಾರಿ ಹುಡುಕುತ್ತದೆ.

ಕನ್ನಡದಲ್ಲೇ ಇರುವ ನೆಂಟರು

ಈ ಬಗೆಯ ಕಥೆ ಕನ್ನಡದ ಹೆಂಗಸರ ಬಾಯಲ್ಲಿ ಮೊದಲಿನಿಂದಲೂ ಇದೆ. ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ ‘ಹೂವಾದ ಹುಡುಗಿ’ಯಲ್ಲಿ ಬಡ ಮುದುಕಿಯ ಕಿರಿಮಗಳು ಮೈಮೇಲೆ ಒಂದು ಬಿಂದಿಗೆ ನೀರು ಸುರಿಸಿಕೊಂಡರೆ ಹೂಮರವಾಗುತ್ತಾಳೆ, ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿಯಾಗುತ್ತಾಳೆ. ಕಟ್ಟಳೆ ಒಂದೇ: ಹೂ ಕೀಳುವಾಗ ಎಲೆ, ಕೊಂಬೆಗೆ ನೋವಾಗಬಾರದು. ಅಕ್ಕ ಅದನ್ನು ಪಾಲಿಸುತ್ತಾಳೆ. ಮದುವೆಯಾಗಿ ಹೋದ ಮನೆಯಲ್ಲಿ ನಾದಿನಿ ಪಾಲಿಸುವುದಿಲ್ಲ. ಮುರಿದ ಕೊಂಬೆಗಳೊಂದಿಗೆ ಹುಡುಗಿಯ ದೇಹವೇ ಅರ್ಧವಾಗುತ್ತದೆ. ಗಿರೀಶ ಕಾರ್ನಾಡರು ಇದನ್ನು ‘ಚೆಲುವಿ’ ಎಂಬ ಚಿತ್ರ ಮಾಡಿದರು. ಅವರ ‘ನಾಗಮಂಡಲ’ ನಾಟಕದ ಬೇರೂ ಇಂಥ ಜನಪದ ಕಥೆಗಳಲ್ಲಿದೆ. ಗಂಡನ ರೂಪದಲ್ಲಿ ರಾತ್ರಿ ಬರುವ ನಾಗ, ನಾಯಕಿ ರಾಣಿಗೆ ಪ್ರೀತಿ ಕೊಡುತ್ತಾನೆ, ಆದರೆ ಪ್ರಶ್ನೆ ಕೇಳಬಾರದೆನ್ನುತ್ತಾನೆ. ಹೆಣ್ಣುಮಗಳು ತನ್ನ ಮೈ, ಮದುವೆ, ಒಂಟಿತನಗಳ ಬಗ್ಗೆ ನೇರವಾಗಿ ಆಡಲಾಗದ ಮಾತು ಇಂಥ ಕಥೆಗಳಲ್ಲಿ ಮರದ ರೂಪದಲ್ಲೋ ಹಾವಿನ ರೂಪದಲ್ಲೋ ಹೊರಬಂತು. ಶೋಜೋ ಮಾಂಗಾ ಮಾಡುವುದೂ ಅದೇ ಕೆಲಸ.

ಬೆಳೆದು ಬಂದ ದಾರಿ

1953ರಲ್ಲಿ ಒಸಾಮು ತೆಜುಕಾ ‘ಶೋಜೋ ಕ್ಲಬ್’ ಪತ್ರಿಕೆಯಲ್ಲಿ ‘ರಿಬ್ಬನ್ ನೋ ಕಿಶಿ’ ಆರಂಭಿಸಿದರು. ಗಂಡು, ಹೆಣ್ಣು ಎರಡೂ ಹೃದಯಗಳನ್ನು ಪಡೆದು ಹುಟ್ಟಿದ ರಾಜಕುಮಾರಿಯ ಕಥೆ ಅದು. ಮುಂದೆ ಮಹಿಳೆಯರೇ ಈ ಕ್ಷೇತ್ರವನ್ನು ಕೈಗೆತ್ತಿಕೊಂಡರು. 1949ರ ಆಸುಪಾಸಿನಲ್ಲಿ ಹುಟ್ಟಿದ ಮೋತೋ ಹಾಗಿಯೋ, ಕೇಕೋ ತಾಕೆಮಿಯಾ, ಯುಮಿಕೋ ಓಶಿಮಾ ಮೊದಲಾದವರು 1970ರ ದಶಕದಲ್ಲಿ ಅದರ ಆಳವನ್ನು ಹೆಚ್ಚಿಸಿದರು. ಹಾಗಿಯೋ 1972ರಲ್ಲಿ ಆರಂಭಿಸಿದ ‘ಪೋ ನೋ ಇಚಿಜೋಕು’ ಈ ಧಾರೆಯ ತಾಯಿಬೇರು. ಅದರ ಎಡ್ಗರ್ ರಕ್ತ ಹೀರುವ ಕುಲಕ್ಕೆ ಸೇರಿದವನು. ಶತಮಾನಗಳು ಸರಿದರೂ ಹದಿನಾಲ್ಕು ದಾಟುವುದಿಲ್ಲ. ಸುತ್ತಲಿನವರು ಮುದುಕರಾಗಿ ಸಾಯುವುದನ್ನು ನೋಡುತ್ತ ಉಳಿಯುವ ಅವನ ಏಕಾಂತವೇ ಕೃತಿಯ ಜೀವಾಳ.

1990ರ ದಶಕದಲ್ಲಿ ನಾವೋಕೋ ತಾಕೆಉಚಿಯ ‘ಸೇಲರ್ ಮೂನ್’, ಯೂ ವಾತಾಸೆಯ ‘ಫುಶಿಗಿ ಯೂಗಿ’, ಕ್ಲ್ಯಾಂಪ್ ಎಂಬ ಲೇಖಕಿಯರ ತಂಡದ ‘ಕಾರ್ಡ್‌ಕ್ಯಾಪ್ಟರ್ ಸಾಕುರಾ’ ಜಪಾನಿನಾಚೆಗೂ ಓದುಗರನ್ನು ಗಳಿಸಿದವು. ಹಾಕುಸೆನ್ಶಾ ಸಂಸ್ಥೆಯ ‘ಹಾನಾ ತೋ ಯುಮೆ’, ‘ಲಾಲಾ’ ಪತ್ರಿಕೆಗಳು ಪ್ರೀತಿ ಮತ್ತು ಅಲೌಕಿಕದ ಕಥೆಗಳಿಗೆ ದೊಡ್ಡ ಆಸರೆಯಾದವು.

ಭಾರತದ ನಂಟೂ ಇಲ್ಲಿ ಸಣ್ಣದಲ್ಲ. ಬೌದ್ಧಧರ್ಮದೊಡನೆ ಜಪಾನಿಗೆ ಹೋದ ಸರಸ್ವತಿ ಅಲ್ಲಿ ಬೆಂಜೈತೆನ್ ಆದಳು, ಅಪ್ಸರೆಯರು ತೆನ್ಯೋ ಆದರು. ಕ್ಲ್ಯಾಂಪ್ ತಂಡದ ಮೊದಲ ದೊಡ್ಡ ಕೃತಿಯ ಹೆಸರೇ ‘ಆರ್‌ಜಿ ವೇದ’. ಅಸುರ, ಯಕ್ಷ, ಗಂಧರ್ವ, ಗರುಡರ ಹೆಸರು ಹೊತ್ತ ಪಾತ್ರಗಳು ಅದರಲ್ಲಿವೆ.

ಪುಟ ಓದುವ ಕ್ರಮ

ಪುಸ್ತಕವನ್ನು ಕನ್ನಡ ಪುಸ್ತಕದ ಕೊನೆಯೆನಿಸುವ ಕಡೆಯಿಂದ ತೆರೆಯಬೇಕು. ಚೌಕಟ್ಟುಗಳನ್ನೂ, ಒಂದು ಚೌಕಟ್ಟಿನೊಳಗಿನ ಮಾತಿನ ಗುಳ್ಳೆಗಳನ್ನೂ ಬಲದಿಂದ ಎಡಕ್ಕೆ, ಮೇಲಿಂದ ಕೆಳಕ್ಕೆ ಓದಬೇಕು. ಒಂದೆರಡು ಅಧ್ಯಾಯ ಮುಗಿಯುವಷ್ಟರಲ್ಲಿ ಕಣ್ಣು ಒಗ್ಗುತ್ತದೆ.

ಇನ್ನೊಂದು ಸಂಗತಿಗೆ ತುಸು ಹೆಚ್ಚು ಗಮನ ಬೇಕು. ಸಾಹಸದ ಚಿತ್ರಕಥೆಗಳಲ್ಲಿ ಒಂದೊಂದು ಚೌಕಟ್ಟೂ ಒಂದೊಂದು ಕ್ರಿಯೆಯನ್ನು ಹೇಳುತ್ತದೆ. ಶೋಜೋ ಪುಟದಲ್ಲಿ ಚೌಕಟ್ಟುಗಳು ಒಂದರ ಮೇಲೊಂದು ಹಾಯುತ್ತವೆ, ಕೆಲವೊಮ್ಮೆ ಗೆರೆಯೇ ಇರುವುದಿಲ್ಲ. ಗುಳ್ಳೆಯ ಹೊರಗೆ ಬಿಳಿ ಜಾಗದಲ್ಲಿ ತೇಲುವ ಸಾಲುಗಳು ನಾಯಕಿಯ ಮನದ ಮಾತು. ಹಿನ್ನೆಲೆಯಲ್ಲಿ ಹೂವು ಅರಳಿದ್ದರೆ ಅಲ್ಲಿ ತೋಟವಿದೆ ಎಂದರ್ಥವಲ್ಲ, ಮನಸ್ಸು ಅರಳಿದೆ ಎಂದರ್ಥ. ದೊಡ್ಡ ಕಣ್ಣುಗಳೂ ಇದಕ್ಕೇ: ಬಾಯಿ ಆಡದ್ದನ್ನು ಅವು ಆಡುತ್ತವೆ. ಮಾತನ್ನಷ್ಟೇ ಓದಿ ಪುಟ ಮಗುಚುವವರಿಗೆ ಅರ್ಧ ಕಥೆ ತಪ್ಪಿಹೋಗುತ್ತದೆ.

ಯಾವುದರಿಂದ ಆರಂಭಿಸಬೇಕು

ಯುಕಿ ಮಿದೊರಿಕಾವಾ ಅವರ ‘ಹೊತಾರುಬಿ ನೋ ಮೋರಿ ಎ’ ಒಂದೇ ಕೂತಲ್ಲಿ ಓದಿ ಮುಗಿಸಬಹುದಾದ ಸಣ್ಣ ಕಥೆ. ಕಾಡಿನಲ್ಲಿ ದಾರಿ ತಪ್ಪಿದ ಆರು ವರ್ಷದ ಹೊತಾರು, ಮುಖವಾಡ ತೊಟ್ಟ ಗಿನ್ ಎಂಬುವನನ್ನು ಕಂಡು ಖುಷಿಯಿಂದ ಅಪ್ಪಲು ಓಡುತ್ತಾಳೆ. ಅವನು ಕೋಲಿನಿಂದ ಅವಳ ತಲೆಗೆ ಬಡಿದು ತಡೆಯುತ್ತಾನೆ. ಮನುಷ್ಯರು ಮುಟ್ಟಿದರೆ ಅವನು ಇಲ್ಲವಾಗುತ್ತಾನೆ. ಆಮೇಲೆ ಇಬ್ಬರೂ ಒಂದೇ ಕೋಲಿನ ಎರಡು ತುದಿ ಹಿಡಿದು ಕಾಡಿನಿಂದ ಹೊರಗೆ ನಡೆಯುತ್ತಾರೆ. ವರ್ಷ ವರ್ಷವೂ ಬೇಸಿಗೆ ರಜೆಗೆ ಹುಡುಗಿ ಬರುತ್ತಾಳೆ, ಬೆಳೆಯುತ್ತಾಳೆ. ಕಟ್ಟಳೆ ಮಾತ್ರ ಹಾಗೆಯೇ ಇರುತ್ತದೆ. ಈ ಧಾರೆಯ ಸತ್ವವೆಲ್ಲ ಇಷ್ಟರಲ್ಲಿ ಅಡಗಿದೆ. 2011ರಲ್ಲಿ ಇದು ಅನಿಮೇಷನ್ ಚಿತ್ರವೂ ಆಯಿತು.

ಅದೇ ಲೇಖಕಿ 2003ರಲ್ಲಿ ಆರಂಭಿಸಿದ ‘ನಾತ್ಸುಮೆ ಯೂಜಿಂಚೋ’ ಚೌಡಿ ಕಲ್ಲಿನ ಊರಿನವರಿಗೆ ತೀರ ಪರಿಚಿತವೆನಿಸುವ ಲೋಕ. ಅನಾಥ ಹುಡುಗ ನಾತ್ಸುಮೆಗೆ ಅಜ್ಜಿ ರೇಕೋ ಬಿಟ್ಟುಹೋದ ಪುಸ್ತಕ ಸಿಗುತ್ತದೆ. ಅವಳು ಸೋಲಿಸಿದ ಕಾಡಿನ ಶಕ್ತಿಗಳ ಹೆಸರುಗಳೆಲ್ಲ ಅದರಲ್ಲಿವೆ. ಹೆಸರು ಯಾರ ಕೈಲಿದೆಯೋ ಅವರ ಮಾತು ಅವು ಕೇಳಬೇಕು. ನಾತ್ಸುಮೆ ಆ ಹಿಡಿತವನ್ನು ಬಿಟ್ಟುಕೊಡುತ್ತಾನೆ. ಹಾಳೆಯನ್ನು ತುಟಿಯಲ್ಲಿ ಕಚ್ಚಿ, ಅಂಗೈ ಜೋಡಿಸಿ ಉಸಿರು ಬಿಟ್ಟಾಗ ಅಕ್ಷರಗಳು ಹಾಳೆಯಿಂದೆದ್ದು ಆ ಶಕ್ತಿಯ ಹಣೆ ಸೇರುತ್ತವೆ. ಎಡೆ ಇಡುವವರಿಲ್ಲದೆ ಕುಗ್ಗಿದ ಪುಟ್ಟ ದೈವದ ಕಥೆಯೂ ಇದರಲ್ಲಿದೆ. ಇಲ್ಲಿ ಪ್ರಣಯ ಕಡಿಮೆ, ಕರುಣೆ ಹೆಚ್ಚು.

ಪ್ರಣಯ ಬೇಕೆನ್ನುವವರಿಗೆ ಜುಲಿಯೆಟ್ಟಾ ಸುಜುಕಿಯ ‘ಕಾಮಿಸಾಮಾ ಹಾಜಿಮೆಮಾಶಿತಾ’ ಒಳ್ಳೆಯ ಆರಂಭ. ಇಂಗ್ಲಿಷಿನಲ್ಲಿ ಇದು ‘ಕಾಮಿಸಾಮಾ ಕಿಸ್’. 25 ಸಂಪುಟಗಳಲ್ಲಿ ಮುಗಿದಿದೆ. ಜೂಜುಕೋರ ಅಪ್ಪನಿಂದ ಮನೆ ಕಳೆದುಕೊಂಡ ನಾನಾಮಿ ಪಾಳುಬಿದ್ದ ಗುಡಿಯ ಸ್ಥಳದೇವತೆಯಾಗುತ್ತಾಳೆ. ಗುಡಿ ಕಾಯುವ ನರಿ ತೊಮೋಯೆ ಅವಳ ಆಣತಿಯನ್ನು ಮೀರಲಾರ. ಆಣತಿಯಿಂದ ಸೇವೆ ದೊರೆಯಬಹುದು, ಪ್ರೀತಿ ದೊರೆಯದು ಎಂಬುದನ್ನು ನಾನಾಮಿ ನಿಧಾನವಾಗಿ ಕಲಿಯುತ್ತಾಳೆ.

ನಾತ್ಸುಕಿ ತಾಕಾಯಾ 1998ರಿಂದ 2006ರವರೆಗೆ ಬರೆದ, 23 ಸಂಪುಟಗಳ ‘ಫ್ರೂಟ್ಸ್ ಬಾಸ್ಕೆಟ್’ ನಗಿಸುತ್ತ ಆರಂಭವಾಗಿ ಆಳಕ್ಕೆ ಇಳಿಯುತ್ತದೆ. ಸೋಮಾ ಮನೆತನದ ಶಾಪಗ್ರಸ್ತರು, ವಿರುದ್ಧ ಲಿಂಗದವರು ಅಪ್ಪಿಕೊಂಡರೆ ಪ್ರಾಣಿಗಳಾಗುತ್ತಾರೆ. ಅವರ ನಡುವೆ ಬಂದು ಸೇರುವ ಅನಾಥೆ ತೋರು ಬಾಲ್ಯದಲ್ಲಿ ಹಣ್ಣಿನ ಬುಟ್ಟಿ ಎಂಬ ಆಟ ಆಡಿದ್ದಳು. ಬೇರೆ ಮಕ್ಕಳಿಗೆ ಹಣ್ಣಿನ ಹೆಸರು, ಇವಳಿಗೆ ಅನ್ನದುಂಡೆಯ ಹೆಸರು. ಕೊನೆಯವರೆಗೂ ಯಾರೂ ಕರೆಯಲಿಲ್ಲ. ಹೊರಗುಳಿದ ಆ ಮಗುವೇ ಒಂದು ಮನೆತನದ ಗಾಯ ಮಾಯಿಸುವುದು ಈ ಕೃತಿಯ ಬಲ.

ಗಟ್ಟಿ ಮನಸ್ಸಿನ ಓದುಗರಿಗೆ ವಾತಾಸೆಯ ‘ಆಯಾಶಿ ನೋ ಸೆರೆಸ್’ ಇದೆ. ಅಪ್ಸರೆಯ ಹಾರುವ ಸೆರಗನ್ನು ಕದ್ದು ಅವಳನ್ನು ಹೆಂಡತಿಯಾಗಿಸಿಕೊಂಡವನ ವಂಶದಲ್ಲಿ, ಹದಿನಾರು ತುಂಬಿದ ಹುಡುಗಿಯ ಮೈಯಲ್ಲಿ ಆ ಅಪ್ಸರೆ ಸೇಡಿಗಾಗಿ ಎಚ್ಚರಗೊಳ್ಳುತ್ತಾಳೆ. ಹಳೆಯ ಕಥೆ ಮದುವೆಯೆಂದು ಹೇಳಿದ್ದನ್ನು ಇದು ಅಪಹರಣವೆಂದು ಕರೆಯುತ್ತದೆ.

ಇನ್ನೊಬ್ಬರಿಗೆ ಓದಿಸುವಾಗ

ಈ ಕೃತಿಗಳನ್ನು ಶಿಫಾರಸು ಮಾಡುವಾಗ ಓದುವವರ ವಯಸ್ಸು ಮೊದಲು ನೋಡಬೇಕು. ‘ಕಾರ್ಡ್‌ಕ್ಯಾಪ್ಟರ್ ಸಾಕುರಾ’ವನ್ನು ಮಾಧ್ಯಮಿಕ ಶಾಲೆಯ ಮಕ್ಕಳ ಕೈಗೆ ಧೈರ್ಯವಾಗಿ ಕೊಡಬಹುದು, ‘ನಾತ್ಸುಮೆ’ಯನ್ನೂ ಅಷ್ಟೆ. ‘ಫ್ರೂಟ್ಸ್ ಬಾಸ್ಕೆಟ್’ನಲ್ಲಿ ಹೆತ್ತವರಿಂದಲೇ ಆದ ಹಿಂಸೆಯ ಚಿತ್ರಣವಿದೆ, ಹದಿಮೂರು ದಾಟಿದವರಿಗೆ, ಜೊತೆಗೆ ಮಾತಾಡಲು ಹಿರಿಯರಿದ್ದರೆ ಒಳ್ಳೆಯದು. ‘ಸೆರೆಸ್’ ಹಾಗೂ ಮಾತ್ಸುರಿ ಹಿನೋ ಅವರ ‘ವ್ಯಾಂಪೈರ್ ನೈಟ್’ ಕಾಲೇಜು ವಯಸ್ಸಿನವರಿಗೆ ಸರಿ.

ಆಮೇಲೆ ಓದುಗರಿಗೆ ಒಗ್ಗುವ ಕಟ್ಟಳೆ ಯಾವುದೆಂದು ತಿಳಿಯಬೇಕು. ‘ನಾಗಮಂಡಲ’ ಮೆಚ್ಚಿದವರಿಗೆ ‘ಕಾಮಿಸಾಮಾ’, ‘ಹೂವಾದ ಹುಡುಗಿ’ ಕಾಡಿದವರಿಗೆ ‘ಫ್ರೂಟ್ಸ್ ಬಾಸ್ಕೆಟ್’ ಹಿಡಿಸುವ ಸಂಭವ ಹೆಚ್ಚು. ಸಂಪುಟಗಳ ಸಂಖ್ಯೆಯನ್ನೂ, ಕಥೆ ಮುಗಿದಿದೆಯೇ ಇಲ್ಲವೇ ಎಂಬುದನ್ನೂ ಮುಂಚೆಯೇ ಹೇಳಬೇಕು. ಅಂತ್ಯವನ್ನು ಹೇಳಬಾರದು.

ಕನ್ನಡಿಗರು ಇವನ್ನು ಸಾಮಾನ್ಯವಾಗಿ ಇಂಗ್ಲಿಷ್ ಅನುವಾದದಲ್ಲಿ ಓದುತ್ತಾರೆ. ವಿಜ್, ಯೆನ್ ಪ್ರೆಸ್, ಕೊದಾನ್ಶಾ ಸಂಸ್ಥೆಗಳ ಅಧಿಕೃತ ಆವೃತ್ತಿಗಳಿವೆ. ಅವನ್ನೇ ಕೊಂಡರೆ ಬರೆದವರಿಗೆ ಅವರ ಪಾಲು ಸಲ್ಲುತ್ತದೆ. ಪೂರ್ತಿ ಸರಣಿ ಒಬ್ಬರಿಗೆ ದುಬಾರಿ. ನಾಲ್ಕಾರು ಗೆಳತಿಯರು ಒಂದೊಂದು ಸಂಪುಟ ಕೊಂಡು ಕೈ ಬದಲಿಸಿಕೊಳ್ಳುವುದು, ಗ್ರಾಮ ಪಂಚಾಯಿತಿ ಗ್ರಂಥಾಲಯ ಅಥವಾ ಶಾಲಾ ಗ್ರಂಥಾಲಯಕ್ಕೆ ಮೊದಲ ಸಂಪುಟಗಳನ್ನಾದರೂ ತರಿಸಲು ಕೇಳುವುದು ಹಳ್ಳಿಗಾಡಿನಲ್ಲೂ ಸಾಧ್ಯವಾಗುವ ದಾರಿ. ಇಂಗ್ಲಿಷ್ ಸಲೀಸಾಗಿ ಬಾರದ ತಂಗಿಗೋ ಅಜ್ಜಿಗೋ ಪುಟ ತೋರಿಸುತ್ತ ಕನ್ನಡದಲ್ಲಿ ಕಥೆ ಹೇಳಿದರೂ ಸರಿಯೇ. ಚಿತ್ರಗಳನ್ನು ಓದಲು ಭಾಷೆ ಬೇಕಿಲ್ಲ, ದೈವದ ಕಟ್ಟಳೆಗಳನ್ನು ಅಜ್ಜಿಗೆ ಯಾರೂ ವಿವರಿಸಬೇಕಾಗಿಯೂ ಇಲ್ಲ.