ಸುರಂಗ: ಒಂದು ಪದ, ಹಲವು ದಾರಿ

ಕಮಠಾಣದ ಮಕ್ಕಳು ಬೀದರಿಗೆ ಪ್ರವಾಸ ಹೋದರೆ ಕೋಟೆ, ಮಹಮೂದ್ ಗವಾನನ ಮದರಸಾ ನೋಡಿ ಬರುತ್ತಾರೆ. ಊರಂಚಿನ ನೌಬಾದಿನಲ್ಲಿ ಸಾಲಾಗಿರುವ ಹಳೆಯ ಬಾವಿಗಳ ಬಳಿ ನಿಲ್ಲುವವರು ಕಡಿಮೆ. ಜನರ ಬಾಯಲ್ಲಿ ಅವು ‘ಸುರಂಗ ಬಾವಿ’. ಬಾವಿ ನೇರ ಕೆಳಗಿಳಿಯುತ್ತದೆ, ಸುರಂಗ ಅಡ್ಡಲಾಗಿ ಸಾಗುತ್ತದೆ. ಈ ಎರಡು ಪದಗಳು ಒಂದಾದದ್ದು ಹೇಗೆ?

ಉತ್ತರ ನೆಲದಡಿಯಲ್ಲಿದೆ. ಅವು ಬಿಡಿ ಬಾವಿಗಳಲ್ಲ, ಒಂದೇ ಗುಪ್ತ ಕಾಲುವೆಗೆ ಇಳಿಸಿದ ಗಂಡಿಗಳು. ತೋಡುವಾಗ ಮಣ್ಣೆತ್ತಲು, ಗಾಳಿ ಬೆಳಕು ಬರಲು, ಮುಂದೆ ನೀರು ಸೇದಲು ಅವು ಬೇಕಾದವು. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲು ಮಳೆನೀರನ್ನು ಸ್ಪಂಜಿನಂತೆ ಹೀರುತ್ತದೆ. ಅದರಡಿಯ ಗಟ್ಟಿ ಕಪ್ಪುಕಲ್ಲು ನೀರನ್ನು ಇನ್ನೂ ಕೆಳಗಿಳಿಯದಂತೆ ತಡೆಯುತ್ತದೆ. ಹೀಗೆ ನಿಂತ ನೀರನ್ನು ಸುರಂಗ ಮೆಲ್ಲನೆಯ ಇಳಿಜಾರಿನಲ್ಲಿ ಹರಿಸುತ್ತದೆ. ಪಂಪು ಬೇಡ, ಗುರುತ್ವಾಕರ್ಷಣೆ ಸಾಕು! 15ನೆಯ ಶತಮಾನದಲ್ಲಿ ಬಹಮನಿ ಅರಸರು ಬೀದರನ್ನು ರಾಜಧಾನಿ ಮಾಡಿಕೊಂಡ ಕಾಲದಲ್ಲಿ ಪರ್ಷಿಯಾದ ಈ ವಿದ್ಯೆ ಇಲ್ಲಿ ನೆಲೆಯೂರಿತು. ಪಾರಸಿಯಲ್ಲಿ ಇದಕ್ಕೆ ‘ಕಾರೇಜ್’, ಅರಬ್ಬಿಯಲ್ಲಿ ‘ಕನಾತ್’ ಎನ್ನುತ್ತಾರೆ.

‘ಕನಾತ್’ ಪದದ ಬೇರಿನಲ್ಲಿ ಜೊಂಡು ಎಂಬ ಅರ್ಥವಿದೆ. ನಮ್ಮ ‘ಸುರಂಗ’ ಸಂಸ್ಕೃತದ ‘ಸುರುಂಗಾ’ದಿಂದ ಬಂದದ್ದು, ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಅದು ಸಿಗುತ್ತದೆ. ಅದರ ಮೂಲ ಗ್ರೀಕಿನ ‘ಸಿರಿಂಕ್ಸ್’ ಎಂಬುದು ಹಲವು ವಿದ್ವಾಂಸರ ಮತ. ಸಿರಿಂಕ್ಸ್ ಎಂದರೆ ಜೊಂಡಿನ ಕೊಳಲು, ಕೊಳವೆ. ವೈದ್ಯರ ಕೈಯ ಸಿರಿಂಜೂ ಅದರ ಕುಡಿಯೇ. ಹಾಗಾದರೆ ಎರಡು ಬೇರೆ ನಾಡಿನವರು ಟೊಳ್ಳು ಕಡ್ಡಿಯನ್ನು ನೋಡಿಯೇ ನೆಲದೊಳಗಿನ ದಾರಿಗೆ ಹೆಸರಿಟ್ಟಂತಾಯಿತು.

ಪದ ಒಂದೇ ಆದರೂ ಬಳಕೆ ಊರೂರಿಗೆ ಬೇರೆ. ರೈಲ್ವೆಯವರಿಗೆ ಸುರಂಗವೆಂದರೆ ಬೆಟ್ಟ ಕೊರೆದ ಹಾದಿ. ಬೀದರಿನ ನೆರೆಯ ಮರಾಠಿಯಲ್ಲಿ ‘ಸುರುಂಗ’ ಎಂದರೆ ಬಂಡೆ ಸಿಡಿಸುವ ಮದ್ದು ತುಂಬಿದ ಕುಳಿಯೂ ಹೌದು. ದೂರದ ಕಾಸರಗೋಡಿನ ಕನ್ನಡಿಗರಿಗೆ ಸುರಂಗವೆಂದರೆ ಗುಡ್ಡದೊಳಗೆ ಅಡ್ಡಲಾಗಿ ತೋಡಿ ಪಡೆದ ನೀರಿನ ಸೆಲೆ. ನಿಘಂಟು ಅರ್ಥಗಳನ್ನು ಪಟ್ಟಿ ಮಾಡುತ್ತದೆ, ಯಾವುದು ಸರಿ ಎಂಬುದನ್ನು ವಾಕ್ಯವೇ ಹೇಳಬೇಕು.

ಅರ್ಥ ಮರೆತರೆ ನಷ್ಟವೂ ಉಂಟು. ‘ಸುರಂಗ’ವನ್ನು ಮರೆತು ಬರೀ ‘ಬಾವಿ’ ಎಂದುಕೊಂಡವರಿಗೆ ನೌಬಾದಿನ ಗಂಡಿ ಪಾಳು ಗುಂಡಿಯಾಗಿ ಕಾಣುತ್ತದೆ. ಒಂದು ಗಂಡಿಗೆ ಮಣ್ಣು ಕಸ ಸುರಿದರೆ ಇಡೀ ಕಾಲುವೆಯ ಹರಿವೇ ಕಟ್ಟುತ್ತದೆ. 2010ರ ದಶಕದಲ್ಲಿ ಹೂಳೆತ್ತುವ ಕೆಲಸ ನಡೆದಾಗ ಒಳಗಿನ ದಾರಿ ಮತ್ತೆ ಕಣ್ಣಿಗೆ ಬಿತ್ತು. ಮುಂದಿನ ಪ್ರವಾಸದಲ್ಲಿ ಪಾಲಕರು ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಲಿ. ಆ ಎರಡು ಪದ ಏಕೆ ಜೊತೆಯಾಗಿವೆ ಎಂದು ಮಕ್ಕಳೇ ಕೇಳಲಿ.