ಮಣೂಕದ ರೊಕ್ಕ, ಗೇಮಿನ ಡಬ್ಬಿ

ತಿಕೋಟಾದ ನನ್ನ ಅಣ್ಣನ ಮಗ ವಿಜಯಪುರದಲ್ಲಿ ಎಂಜಿನಿಯರಿಂಗ್ ಸೇರಿದ. ಮಣೂಕ, ಅಂದರೆ ಒಣದ್ರಾಕ್ಷಿ, ಮಾರಿದ ರೊಕ್ಕದಲ್ಲಿ ಅವನ ಪಾಲಿಗೆ ಬಂದದ್ದು 50 ಸಾವಿರ ರೂಪಾಯಿ. ‘ಕಾಕಾ, ಲ್ಯಾಪ್‌ಟಾಪ್ ಬ್ಯಾಡ್ರಿ. ಅಸೆಂಬಲ್ಡ್ ಮಾಡಸೂಣು, ಗೇಮ್ ಆಡಾಕ ಬರಬೇಕು’ ಎಂದ. ಅಪ್ಪನ ಮುಂದೆ ‘ಓದಾಕ’ ಎಂದಿದ್ದನಂತೆ. ನನ್ನ ಮುಂದೆ ಖರೆ ಹೇಳಿದ.

ಹಾಳೆಯ ಮೇಲೆ ಯಾದಿ ಬರೆದುಕೊಂಡೇ ಬಂದಿದ್ದ. ಅರ್ಧಕ್ಕಿಂತ ಹೆಚ್ಚು ರೊಕ್ಕ ಗ್ರಾಫಿಕ್ಸ್ ಕಾರ್ಡಿಗೆ. ಕಟ್ಟಕಡೆಯ ಸಾಲು: ‘ಕ್ಯಾಬಿನೆಟ್, ಎಸ್‌ಎಂಪಿಎಸ್ – ಯಾವದಾದ್ರೂ ನಡೀತೈತಿ’. ನನ್ನ ತಕರಾರು ಶುರುವಾದದ್ದು ಆ ಸಾಲಿನಿಂದ.

ಇಂಥ ಯಾದಿ ಬರೆಯುವ ಸ್ವಾತಂತ್ರ್ಯ ನಮಗೆ ಸಿಕ್ಕಿದ್ದು ಒಂದು ದೊಡ್ಡ ಕಂಪನಿಯ ಅವಸರದಿಂದ. ವಿಜಯಪುರದ ಹಳಕಟ್ಟಿ ಎಂಜಿನಿಯರಿಂಗ್ ಕಾಲೇಜು ಶುರುವಾದ ಮರುವರ್ಷ, 1981ರ ಆಗಸ್ಟ್‌ನಲ್ಲಿ, ಅಮೆರಿಕದ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ಬಿಟ್ಟಿತು. ಕೈಯಲ್ಲಿದ್ದದ್ದು ಸುಮಾರು ಒಂದೇ ವರ್ಷ. ಎಲ್ಲವನ್ನೂ ಮನೆಯಲ್ಲೇ ತಯಾರಿಸುವ ಹಳೆಯ ರೂಢಿ ಬಿಟ್ಟು ಇಂಟೆಲ್‌ನ 8088 ಪ್ರೊಸೆಸರ್, ಮೈಕ್ರೋಸಾಫ್ಟ್‌ನ ತಂತ್ರಾಂಶ ಹೀಗೆ ಹೊರಗಿನಿಂದ ತಂದು ಜೋಡಿಸಿತು. ತನ್ನದೆಂದು ಬಿಗಿಯಾಗಿ ಹಿಡಿದುಕೊಂಡದ್ದು ಬಯೋಸ್ ಎಂಬ ಸಣ್ಣ ತಂತ್ರಾಂಶವನ್ನು ಮಾತ್ರ. ಕಾಂಪ್ಯಾಕ್ ಕಂಪನಿ ಅದನ್ನು ನಕಲು ಹೊಡೆಯದೆ, ಅದು ಮಾಡುವ ಕೆಲಸವನ್ನಷ್ಟೇ ನೋಡಿ ಹೊಸದಾಗಿ ಬರೆಯಿತು. 1983ರಲ್ಲಿ ಅದರ ಯಂತ್ರ ಮಾರುಕಟ್ಟೆಗೆ ಬಂದ ಮೇಲೆ ಐಬಿಎಂನ ಬೇಲಿ ಉಳಿಯಲಿಲ್ಲ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆ ತಂದಿತು. ಮದರ್‌ಬೋರ್ಡಿನ ಸ್ಕ್ರೂ ತೂತು ಎಲ್ಲಿರಬೇಕು ಎಂಬುದೂ ಅದರಲ್ಲಿ ನಿಗದಿ. ಒಬ್ಬರ ಬೋರ್ಡು ಇನ್ನೊಬ್ಬರ ಕ್ಯಾಬಿನೆಟ್ಟಿನಲ್ಲಿ ಇವತ್ತಿಗೂ ಕೂಡುವುದು ಆ ಕಾರಣಕ್ಕೆ.

ಭಾರತ 1997ರಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸಹಿ ಹಾಕಿ, 2005ರ ಹೊತ್ತಿಗೆ ಬಿಡಿಭಾಗಗಳ ಆಮದು ಸುಂಕ ಇಳಿಸಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಭಾಗಗಳು ಗೋಳಗುಮ್ಮಟದ ಊರಿಗೂ ಬಂದವು. ಆ ಕಾಲದಲ್ಲೇ ನಾನೂ ಒಂದು ಅಸೆಂಬಲ್ಡ್ ಡಬ್ಬಿ ಕೊಂಡೆ. ಕ್ಯಾಬಿನೆಟ್ ಕೊಂಡರೆ ಎಸ್‌ಎಂಪಿಎಸ್ ಪುಕ್ಕಟೆ! ಒಂದು ಅಡ್ಡಮಳೆಯ ಸಂಜೆ ಕರೆಂಟ್ ಹೋಗಿ ಬಂತು. ಢಂ ಅಂತ ಸದ್ದು, ಸುಟ್ಟ ವಾಸನೆ. ಪುಕ್ಕಟೆ ಬಂದದ್ದು ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು.

ಎಸ್‌ಎಂಪಿಎಸ್ ಮಾಡುವ ಕೆಲಸ ಇಷ್ಟು: ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸಿ ಏರುಪೇರಿಲ್ಲದೆ ಹಂಚುವುದು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು ಎರಡೂ ದುಡಿಯುವುದು 12 ವೋಲ್ಟಿನ ಮೇಲೆ. ಅಗ್ಗದ ಡಬ್ಬಿಯ ಮೇಲೆ 450 ವ್ಯಾಟ್ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಪಾಲು ಎಷ್ಟೆಂದು ಓದಿದರೆ ಬಂಡವಾಳ ಬಯಲು. ಅಣ್ಣನ ತೋಟದ ವಸ್ತಿಯಲ್ಲಿ ಬೋರಿನ ಮೋಟರ್ ಚಾಲೂ ಆದರೆ ಬಲ್ಬು ಮಿಣಕುತ್ತದೆ. ಅಂಥ ಮನೆಯಲ್ಲಿ ಯಾದಿಯ ಕೊನೆಯ ಸಾಲು ಮೊದಲನೆಯದಾಗಬೇಕು.

ಹುಡುಗ ಒಪ್ಪಲಿಲ್ಲ. ‘ಹಂಗಾರ ಕಾರ್ಡಿಗೆ ರೊಕ್ಕಾ ಎಲ್ಲಿಂದ್ ಬರಬೇಕ್ರಿ?’

ಕಾರ್ಡನ್ನು ಈಗ ಕೊಳ್ಳುವುದೇ ಬೇಡ ಎಂದೆ. 2021ರಲ್ಲಿ ಬಂದ ಎಎಂಡಿಯ ರೈಜೆನ್ 5 5600ಜಿ ಪ್ರೊಸೆಸರಿನ ಒಳಗೇ ಗ್ರಾಫಿಕ್ಸ್ ಇದೆ. ವ್ಯಾಲರಂಟ್‌ನಂಥ ಹಗುರ ಆಟಕ್ಕೆ ಅಡ್ಡಿಯಿಲ್ಲ. ದೊಡ್ಡ ಆಟಕ್ಕೆ ಚಿತ್ರದ ಗುಣಮಟ್ಟ ತಗ್ಗಿಸಬೇಕು, ಅದೂ ಖರೆ. ಆದರೆ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ನೆನಪಿಲ್ಲ. ರ‍್ಯಾಮ್‌ನಲ್ಲೇ ಪಾಲು ಬೇಡುತ್ತದೆ. ಅದಕ್ಕೇ 16 ಜಿಬಿಯ ಒಂದು ಪಟ್ಟಿಗಿಂತ 8ರ ಎರಡು ಲೇಸು. ಒಂಟೆತ್ತಿನ ಬದಲು ಜೋಡೆತ್ತು ಹೂಡಿದ ಹಾಗೆ, ಒಂದೇ ಸಲಕ್ಕೆ ಎರಡು ದಾರಿಯಲ್ಲಿ ದತ್ತಾಂಶ ಹರಿಯುತ್ತದೆ. ರ‍್ಯಾಮ್ ಬೆಲೆ ಮಾತ್ರ ನಮ್ಮ ಲೆಕ್ಕ ಕೆಡಿಸಿತು. 2025ರ ಕೊನೆಗೆ ಚಿಪ್ ಕಂಪನಿಗಳು ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಕಡೆ ಮುಖ ಮಾಡಿದವು. ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಅಲ್ಲಿ ಯಾರೋ ಯಂತ್ರಕ್ಕೆ ಬುದ್ಧಿ ಕಲಿಸಿದರೆ ತಿಕೋಟಾದ ಹುಡುಗನ ಯಾದಿ ತಿದ್ದಬೇಕಾಗುತ್ತದೆ.

ಬಬಲೇಶ್ವರದ ಅವನ ಗೆಳೆಯ ಸೆಕೆಂಡ್ ಹ್ಯಾಂಡ್ ಕಾರ್ಡು ತೋರಿಸಿ ಆಸೆ ಹುಟ್ಟಿಸಿದ್ದ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ನಾಣ್ಯದ ಗಣಿಗಾರಿಕೆ ನಿಂತ ಮೇಲೆ, ಹಗಲುರಾತ್ರಿ ದುಡಿದ ಕಾರ್ಡುಗಳು ಹಳೆ ಸಾಮಾನಿನ ಪೇಟೆಗೆ ಬಂದವು. ಎಲ್ಲವೂ ಕೆಟ್ಟವಲ್ಲ. ಆದರೆ ಫ್ಯಾನು ಸವೆದಿರುತ್ತದೆ, ವಾರಂಟಿ ಇರುವುದಿಲ್ಲ. ಕಣ್ಣೆದುರು ಒಂದು ತಾಸು ಆಟ ಓಡಿಸಿ ತೋರಿಸದಿದ್ದರೆ ರೊಕ್ಕ ಕೊಡಬೇಡ ಎಂದೆ.

ಕ್ಯಾಬಿನೆಟ್ಟಿನ ಜಗಳವನ್ನು ಬಗೆಹರಿಸಿದವನು ಅಣ್ಣ. ಹುಡುಗನಿಗೆ ಮುಂದೆಲ್ಲ ಗಾಜು, ಒಳಗೆ ಬಣ್ಣದ ದೀಪ ಇರುವುದೇ ಬೇಕಿತ್ತು. ನಮ್ಮ ಬ್ಯಾಸಿಗೆ 40 ಡಿಗ್ರಿ ದಾಟುತ್ತದೆ. 5600ಜಿಗೆ 95 ಡಿಗ್ರಿ ಮಿತಿ. ಅದು ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಚಿತ್ರ ನೋಡಿದ ಅಣ್ಣ, ‘ಗಾಳಿ ಆಡಲಿಲ್ಲಂದ್ರ ಶೆಡ್ಡಿನಾಗ ಮಣೂಕನೂ ಕರ್ರಗ ಆಗ್ತಾವು. ಜಾಳಗಿ ಇರೋದು ತಗೋ’ ಎಂದ. ಮುಂದೆ ಜಾಳಿಗೆ, ಅದರ ಹಿಂದೆ ಎರಿ ಮಣ್ಣಿನ ಧೂಳು ತಡೆಯುವ ಬಲೆ, ಎರಡು ಫ್ಯಾನು ಇದ್ದದ್ದೇ ಬಂತು. ಬಲೆಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯುವ ಕರಾರು ಬೇರೆ.

ಭಾಗಗಳನ್ನೆಲ್ಲ ವಿಜಯಪುರದಲ್ಲೇ ಬಿಲ್ ಹಾಕಿಸಿ ಕೊಂಡೆವು. ಆನ್‌ಲೈನ್‌ಗಿಂತ ತುಸು ತುಟ್ಟಿ. ಕೆಟ್ಟರೆ ಬಸ್ ಹತ್ತಿ ಹೋಗಿ ಕೇಳಬಹುದು. ಜೋಡಿಸಿದವನು ಹುಡುಗನೇ. ಎಸ್‌ಎಂಪಿಎಸ್ ಮುಂದಿನ ಕಾರ್ಡಿಗೂ ಸಾಕಾಗುವಂಥದ್ದು. ಅವನ ಕಣ್ಣಿರುವುದು 132 ವ್ಯಾಟ್ ಎಳೆಯುವ ಆರ್‌ಎಕ್ಸ್ 6600 ಮೇಲೆ. ಆ ಜಾಗ ಸದ್ಯ ಖಾಲಿ ಇದೆ. ಈ ಸಲದ ಮಣೂಕ ಇನ್ನೂ ಶೆಡ್ಡಿನಲ್ಲಿದೆ.