ಗೆದ್ದವರ ಕಣ್ಣು

ನಂಜನಗೂಡಿನ ಬಳಿ ಕಪಿಲೆಯನ್ನು ದಾಟುವ ಹಳೆಯ ಕಲ್ಲುಸೇತುವೆಯನ್ನು ಕಾಣದ ಮೈಸೂರು ಸೀಮೆಯವರು ವಿರಳ. ದಳವಾಯಿಗಳ ಕಾಲದಲ್ಲಿ, 1735ರಲ್ಲಿ, ಕಟ್ಟಿದುದು ಅದು. ಮುಂದೆ ಬಹುಕಾಲ ರೈಲುಗಾಡಿಯ ಭಾರವನ್ನೂ ಹೊತ್ತಿತು. ಈ ನದಿಯ ದಡಕ್ಕೆ ಬಂದವರಲ್ಲಿ ಹೆಚ್ಚಿನವರು ಏನನ್ನಾದರೂ ಕೇಳುವುದಕ್ಕಾಗಿಯೇ ಬಂದವರು: ಆರೋಗ್ಯ, ಸಂತಾನ, ಕಷ್ಟದಿಂದ ಬಿಡುಗಡೆ. 1800ರ ಮಳೆಗಾಲ ಮುಗಿಯುತ್ತ ಬಂದಾಗ ಇಲ್ಲಿಗೆ ಬಂದ ಪರದೇಶದ ವೈದ್ಯನೊಬ್ಬನೂ ಕೇಳುವುದಕ್ಕೇ ಬಂದಿದ್ದ. ಆದರೆ ಅವನು ಕೇಳಿದ್ದು ದೇವರನ್ನಲ್ಲ, ಜನರನ್ನು.

ಆತನ ಹೆಸರು ಫ್ರಾನ್ಸಿಸ್ ಬುಕಾನನ್. ಸ್ಕಾಟ್ಲೆಂಡಿನವನು, ಸಸ್ಯಶಾಸ್ತ್ರದಲ್ಲಿ ಬಲ್ಲಿದ. ಟಿಪ್ಪು ಸುಲ್ತಾನನು 'ಹಕೀಂ ನಂಜುಂಡ' ಎಂದು ಕರೆದನೆಂದು ಐತಿಹ್ಯವುಳ್ಳ ದೇವರ ಊರಿಗೆ ಹೀಗೆ ಇನ್ನೊಬ್ಬ ಹಕೀಮನು ಬಂದಂತಾಯಿತು. ಅವನನ್ನು ಕಳುಹಿಸಿದವನು ಗವರ್ನರ್ ಜನರಲ್ ವೆಲ್ಲೆಸ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಒಂದು ವರ್ಷ ಕಳೆದಿತ್ತು, ಅಷ್ಟೆ. ಬಾಲಕ ಕೃಷ್ಣರಾಜರು ಪಟ್ಟದಲ್ಲಿದ್ದರು, ಪೂರ್ಣಯ್ಯನವರು ದಿವಾನಗಿರಿಯಲ್ಲಿದ್ದರು. ಆದರೆ ಕೋಟೆಯಲ್ಲಿ ಕುಂಪಣಿಯ ದಂಡು ಬೀಡುಬಿಟ್ಟಿತ್ತು, ಅದರ ವೆಚ್ಚಕ್ಕೆ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹ ತೆರಬೇಕಾಗಿತ್ತು. ಉತ್ತರದಲ್ಲಿ ಧೋಂಡಿಯಾ ವಾಘನ ಬಂಡಾಯವನ್ನಡಗಿಸಲು ಆರ್ಥರ್ ವೆಲ್ಲೆಸ್ಲಿಯ ಸೇನೆ ಅಲೆಯುತ್ತಿತ್ತು; ಆ ಸೆಪ್ಟೆಂಬರ್ 10ರಂದು ಧೋಂಡಿಯಾ ಮಡಿದ. ಗೆದ್ದ ನಾಡನ್ನು ಕುಂಪಣಿಯವರು ಕತ್ತಿಯಿಂದ ಹಿಡಿದಿದ್ದರು. ಅದನ್ನು ಕಣ್ಣಿನಿಂದ ಹಿಡಿಯುವ ಕೆಲಸ ಇನ್ನೂ ಉಳಿದಿತ್ತು.

ಬುಕಾನನ್ನನು ಆ ಕೆಲಸದವನು. 1800ರ ಏಪ್ರಿಲಿನಲ್ಲಿ ಮದರಾಸನ್ನು ಬಿಟ್ಟು, ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನೆಲ್ಲ ಸುತ್ತಿ, 1801ರ ಜುಲೈಯಲ್ಲಿ ಪ್ರವಾಸ ಮುಗಿಸಿದ. ಹೆಗ್ಗಡದೇವನಕೋಟೆಯ ಕಡೆಯಿಂದ ನಂಜನಗೂಡಿಗೆ, ಅಲ್ಲಿಂದ ಕಪಿಲೆಯ ಹರಿವನ್ನೇ ಹಿಡಿದು ತಾಯೂರಿಗೆ, ಕೂಡಲ ನರಸೀಪುರಕ್ಕೆ ಬಂದ. ದುಭಾಷಿಯೊಬ್ಬನನ್ನು ಮುಂದಿಟ್ಟುಕೊಂಡು ಊರಿನ ಗೌಡನನ್ನು, ರೈತನನ್ನು, ಕುಶಲಕರ್ಮಿಯನ್ನು ಕೇಳುವುದು ಅವನ ಕ್ರಮ. ನೆಲ ಎಂತಹುದು, ಎರೆಯೋ ಕೆಬ್ಬೆಯೋ ಮರಳೋ? ಖಂಡುಗ ಬಿತ್ತಿದರೆ ಎಷ್ಟು ಕಂಡೀತು? ಅರಮನೆಯ ಪಾಲೆಷ್ಟು? ಯಾವ ಜಾತಿಯವರು ಯಾರ ಮನೆಯಲ್ಲಿ ಉಣ್ಣುವರು? ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ಉತ್ತರಗಳೆಲ್ಲ ಸೇರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ದೊಡ್ಡ ಸಂಪುಟಗಳಾದವು.

ಈ ಸಂಪುಟಗಳನ್ನು ಓದುವವರ ಮನಸ್ಸಿನಲ್ಲಿ ನಿಲ್ಲುವ ಒಂದು ಸಂಗತಿಯುಂಟು. ರೈತರು ತನಗೆ ನಿಜ ಹೇಳುವುದಿಲ್ಲವೆಂದು ಗ್ರಂಥಕರ್ತನು ಮತ್ತೆ ಮತ್ತೆ ಗೊಣಗುತ್ತಾನೆ. ಒಬ್ಬನ ಮಾತಿಗೂ ಮತ್ತೊಬ್ಬನ ಮಾತಿಗೂ ತಾಳೆಯಿಲ್ಲ, ಇಳುವರಿಯನ್ನು ಮುಚ್ಚಿಡುತ್ತಾರೆ. ಅವನಿಗೆ ಇದು ಹಳ್ಳಿಗರ ಕಪಟವೆಂದು ತೋರಿತು. ಆದರೆ ಸ್ವಲ್ಪ ಯೋಚಿಸೋಣ. ದಂಡಿನ ಬೆನ್ನಹಿಂದೆ ಬಂದವನು ಕೊಳಗದ ಲೆಕ್ಕ ಕೇಳಿದರೆ ಅದು ಏತಕ್ಕೆಂಬುದು ರೈತನಿಗೆ ತಿಳಿಯದೆ? ಬರೆದುಕೊಂಡ ಕಾಗದ ಎಲ್ಲಿಗೆ ಹೋಗುವುದು, ಯಾರು ಓದುವರು, ನಾಳೆ ಕಂದಾಯವಾಗಿ ಬಾಗಿಲಿಗೆ ಬಂದೀತೆ? ಇದನ್ನು ತಿರುಗಿ ಕೇಳುವ ಅಧಿಕಾರ ಅವನಿಗಿರಲಿಲ್ಲ. ಆತ್ಮರಕ್ಷಣೆಗೆ ಅವನಲ್ಲಿದ್ದ ಆಯುಧ ಒಂದೇ: ಅರೆಮಾತು. ಮೂರು ಸಂಪುಟಗಳಲ್ಲಿ ನಮ್ಮವರ ದನಿ ಎಲ್ಲಿಯಾದರೂ ಕೇಳುವುದಾದರೆ, ಆ ಮೌನದಲ್ಲಿಯೇ ಕೇಳುತ್ತದೆ.

ಬುಕಾನನ್ನನು ಒಂಟಿಯೂ ಅಲ್ಲ. ಅದೇ ವರ್ಷಗಳಲ್ಲಿ ಕಾಲಿನ್ ಮೆಕೆಂಜಿ ಮೈಸೂರಿನ ಮೋಜಣಿಗೆ ತೊಡಗಿದ್ದ. ನಕ್ಷೆಯ ಜೊತೆಗೆ ಕೈಫಿಯತ್ತು, ಶಾಸನ, ಕಥೆಗಳನ್ನೂ ಕೂಡಿಸಿದ. ನಂಜನಗೂಡಿಗೆ ಬಹು ದೂರವಲ್ಲದ ಕನಕಗಿರಿಯ ದೇವಚಂದ್ರನಿಗೂ ಅವನಿಗೂ ಪರಿಚಯವಾಯಿತು; 'ರಾಜಾವಳೀಕಥೆ'ಯ ಹಿಂದೆ ಆ ಪರಿಚಯದ ಪ್ರೇರಣೆಯಿದೆ. ಶ್ರೀರಂಗಪಟ್ಟಣದ ಯುದ್ಧದಲ್ಲಿ ಕಾದಿದ್ದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಸರಪಳಿ ಹಿಡಿದು ನೆಲವಳೆದ; ಮುಂದೆ ಅವನು ಬಳಸಿದ ದೊಡ್ಡ ಥಿಯೋಡೊಲೈಟು ಯಂತ್ರ ಸುಮಾರು ಅರ್ಧ ಟನ್ ತೂಗುತ್ತಿತ್ತು. ಬೆಟ್ಟದ ನೆತ್ತಿಯಲ್ಲಿ ಅದನ್ನು ನಿಲ್ಲಿಸಿದರೆ ಹತ್ತಾರು ಮೈಲಿಯಾಚೆಯ ಗುರುತು ದುರ್ಬೀನಿನೊಳಗೆ ಬಂದು ನಿಲ್ಲುವುದು. ಆ ಕಾಲಕ್ಕೆ ದೂರದ ಬೇಹಿನ ಯಂತ್ರವೆಂದರೆ ಅದೇ.

ಇಷ್ಟು ಹೇಳಿ ಸುಮ್ಮನಾದರೆ ಅನ್ಯಾಯವಾದೀತು. ಇನ್ನೂರು ವರ್ಷಗಳ ಹಿಂದೆ ನಮ್ಮ ಹಳ್ಳಿಯವರು ಏನು ಬಿತ್ತಿದರು, ಕಬ್ಬಿಣವನ್ನು ಹೇಗೆ ಕರಗಿಸಿದರು ಎಂಬುದನ್ನು ತಿಳಿಯಲು ನಾವು ಇಂದು ತಿರುವಿಹಾಕುವುದು ಬುಕಾನನ್ನನನ್ನೇ. ಇನ್ನು ಬೇಹುಗಾರಿಕೆ ಪರಕೀಯರ ಕೊಡುಗೆಯೇನೂ ಅಲ್ಲ. ನಮ್ಮ ಚಿಕ್ಕದೇವರಾಜ ಒಡೆಯರ ಅಂಚೆ ಓಲೆ ಒಯ್ಯುವುದರ ಜೊತೆಗೆ ಊರೂರಿನ ಗುಟ್ಟನ್ನೂ ಅರಮನೆಗೆ ತಲಪಿಸುತ್ತಿತ್ತೆಂದು ಚರಿತ್ರಕಾರರು ಹೇಳುತ್ತಾರೆ. ಆಳುವವರಿಗೆಲ್ಲ ಕಣ್ಣು ಬೇಕು. ಅದು ರಾಜಧರ್ಮವೆಂದೇ ಹಿಂದಿನವರು ಎಣಿಸಿದರು. ಪ್ರಶ್ನೆ ಬೇರೆಯದು: ನೋಡಿಸಿಕೊಳ್ಳುವವನು ತಿರುಗಿ ನೋಡಬಲ್ಲನೆ?

ಈ ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ತೀಕ್ಷ್ಣವಾಗಿ ಎತ್ತಿದ ಗ್ರಂಥವೊಂದು 2023ರಲ್ಲಿ ಹೊರಬಂದಿತು: ಪತ್ರಕರ್ತ ಆಂಟನಿ ಲೋವೆನ್‌ಸ್ಟೈನ್ ಬರೆದ 'ದಿ ಪ್ಯಾಲೆಸ್ಟೈನ್ ಲ್ಯಾಬೊರೇಟರಿ'. ಆಸ್ಟ್ರೇಲಿಯದ ವಾಕ್ಲಿ ಗ್ರಂಥ ಪ್ರಶಸ್ತಿ ಅದೇ ವರ್ಷ ಅದಕ್ಕೆ ಸಂದಿತು. ಪ್ಯಾಲೆಸ್ಟೈನ್ ನಮಗೇಕೆಂದು ವಾಚಕರು ಕೇಳಬಹುದು. 1918ರ ಸೆಪ್ಟೆಂಬರ್ 23ರಂದು ಅಲ್ಲಿನ ಹೈಫಾ ಪಟ್ಟಣವನ್ನು ಬ್ರಿಟಿಷರಿಗೆ ಗೆದ್ದುಕೊಟ್ಟವರು ಮೈಸೂರು ಮತ್ತು ಜೋಧಪುರದ ಕುದುರೆ ಸವಾರರು. ಗೆದ್ದ ನೆಲವೆಂಬುದು ಗೆದ್ದವರಿಗೆ ಪ್ರಯೋಗಶಾಲೆಯಾಗುತ್ತದೆಂಬುದು ಲೋವೆನ್‌ಸ್ಟೈನರ ವಾದ. 1967ರಿಂದ ಇಸ್ರೇಲಿನ ಸೈನ್ಯದ ಹಿಡಿತದಲ್ಲಿರುವ ಪ್ರದೇಶಗಳ ಜನರ ಮೇಲೆ ಪರೀಕ್ಷಿಸಿದ ಆಯುಧಗಳೂ ನಿಗಾ ಯಂತ್ರಗಳೂ 'ಪರೀಕ್ಷಿತ' ಎಂಬ ಮುದ್ರೆಯೊಡನೆ ಲೋಕದ ಸಂತೆಗೆ ಬರುತ್ತವೆಂದು ಅವರು ದಾಖಲೆಗಳೊಡನೆ ಹೇಳುತ್ತಾರೆ. ಹೆಬ್ರಾನಿನ ಬೀದಿಗಳಲ್ಲಿ ಸೈನಿಕರು ದಾರಿಹೋಕರ ಮುಖಗಳನ್ನು ಸೆರೆಹಿಡಿದು ಭಂಡಾರದಲ್ಲಿ ಕೂಡಿಹಾಕುತ್ತಿದ್ದ ವಿಷಯ 2021ರಲ್ಲಿ ಬೆಳಕಿಗೆ ಬಂದಿತ್ತು. ಬುಕಾನನ್ನನು ಜಾತಿಯನ್ನೂ ಬೆಳೆಯನ್ನೂ ಬರೆದುಕೊಂಡ. ಈಗಿನ ಯಂತ್ರ ಮುಖವನ್ನೇ ಬರೆದುಕೊಳ್ಳುತ್ತದೆ. ಅರೆಮಾತಿನ ಆಶ್ರಯವೂ ಅಲ್ಲಿಗೆ ಹೋಯಿತು.

ಆ ಸಂತೆಯ ಸರಕು ಎಲ್ಲಿಗೆ ಬರುತ್ತದೆಂಬ ಅಳುಕು ನಮ್ಮ ನಾಡಿಗೂ ತಟ್ಟಿತು. ಇಸ್ರೇಲಿನ ಎನ್‌ಎಸ್‌ಒ ಸಂಸ್ಥೆಯ 'ಪೆಗಾಸಸ್' ತಂತ್ರಾಂಶ ಒಡೆಯನಿಗರಿವಿಲ್ಲದೆ ಮೊಬೈಲಿನೊಳಗೆ ಹೊಕ್ಕು ಮಾತು, ಪತ್ರ, ಚಿತ್ರಗಳನ್ನು ಹೊರಗೆ ಸಾಗಿಸಬಲ್ಲದು. ಅದನ್ನು ಸರ್ಕಾರಗಳಿಗೆ ಮಾತ್ರ ಮಾರುತ್ತೇವೆಂಬುದು ಸಂಸ್ಥೆಯ ಹೇಳಿಕೆ. 2021ರ ಜುಲೈಯಲ್ಲಿ ಹೊರಬಿದ್ದ ಪಟ್ಟಿಯಲ್ಲಿ, 2019ರಲ್ಲಿ ಕರ್ನಾಟಕದ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ ಅವರ ಸಂಖ್ಯೆಯೂ, ಎಚ್.ಡಿ. ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳೂ ಇದ್ದುವೆಂದು ವರದಿಯಾಯಿತು. ಸಿದ್ದರಾಮಯ್ಯನವರ ಹುಟ್ಟೂರು ಮೈಸೂರಿಗೂ ಈ ಕೂಡಲಿಗೂ ನಡುವಣ ಸೀಮೆಯದು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕನ್ನ ಬಿದ್ದಿತೆಂದು ಸಿದ್ಧವಾಗುವುದಿಲ್ಲ. ಸರ್ವೋಚ್ಚ ನ್ಯಾಯಾಲಯ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತನಿಖೆಗೆ ಗೊತ್ತುಮಾಡಿತು. ಪರೀಕ್ಷಿಸಿದ 29 ಮೊಬೈಲುಗಳಲ್ಲಿ ಐದರಲ್ಲಿ ದುಷ್ಟ ತಂತ್ರಾಂಶ ಕಂಡಿತು, ಅದು ಪೆಗಾಸಸ್ ಎಂದು ನಿರ್ಧರಿಸಲಾಗಲಿಲ್ಲ, ಕೇಂದ್ರ ಸರ್ಕಾರ ಸಹಕರಿಸಲಿಲ್ಲವೆಂದು 2022ರ ಆಗಸ್ಟಿನಲ್ಲಿ ನ್ಯಾಯಾಲಯ ತಿಳಿಸಿತು. ಕೇಳುವವನು ಕೇಳಿದ, ಉತ್ತರಿಸಬೇಕಾದವನು ಸುಮ್ಮನಿದ್ದ. 1800ರಲ್ಲಿ ಮೌನ ರೈತನ ಆಶ್ರಯವಾಗಿತ್ತು. ಈಗ ಅದು ಆಳುವವರ ಕೋಟೆಯಾಗಿದೆ.

ಆದರೂ ಕಾಲ ಬದಲಾಗಿಲ್ಲವೆನ್ನಲಾಗದು. ನಮ್ಮ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಪ್ರಜೆಯ ಮೂಲಭೂತ ಹಕ್ಕು ಎಂದರು. ಅಂದು ಹೊಲದ ಬದುವಿನಲ್ಲಿ ನಿಂತು ಅರೆಮಾತಾಡಿದ ಅಜ್ಞಾತ ರೈತನ ನಿಲವಿಗೆ ಶಾಸನದ ಬಲ ಬಂದುದು ಅಂದೇ.

ಕಪಿಲೆ ಕಾವೇರಿಯನ್ನು ಕೂಡುವ ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿಯ ಗುಡಿಯಿದೆ. ದೇವರ ಕೈಯಲ್ಲಿ ಗುಲಗಂಜಿ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚಿನದೆಂದು ಊರವರ ನಂಬಿಕೆ. ಅಕ್ಕಸಾಲೆಯ ತಕ್ಕಡಿಯಲ್ಲಿ ಅತಿ ಕಿರಿದಾದ ತೂಕ ಅದು. ಆ ಕಿರುತೂಕದಿಂದಲೇ ಒಂದು ಊರು ತನ್ನ ಬೆಲೆಯನ್ನು ತಾನು ಹೇಳಿಕೊಂಡಿತು. ಬುಕಾನನ್ನನು ಖಂಡುಗ ಕೊಳಗಗಳಲ್ಲಿ ಅಳೆದುಕೊಂಡು ಹೋದದ್ದು ಬೇರೆ ಲೆಕ್ಕ. ಸಂತೆಯಲ್ಲಿ ನಮ್ಮವರು ಸರಕನ್ನು ಕೊಳ್ಳುವಾಗ ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಟ್ಟಿರುತ್ತಾರೆ. ತೂಗುವವನು ನಂಬಿಕಸ್ಥನಾದರೂ ಮುಳ್ಳು ಇಬ್ಬರಿಗೂ ಕಾಣಬೇಕೆಂಬುದು ವಾಡಿಕೆ. ನಮ್ಮ ಮುಖ, ಮಾತು, ನಡೆಗಳನ್ನು ಇಂದು ತೂಗುತ್ತಿರುವವರನ್ನು ಕೇಳಬೇಕಾದುದು ಅದಕ್ಕಿಂತ ಹೆಚ್ಚೇನೂ ಅಲ್ಲ.